ಪರವಾನಗಿಗೆ ಬೆಲೆ ಕೊಡುವವರು ಯಾರು?

ಸರಕಾರ ಕೊಡುವ ಪರವಾನಗಿ ಎಂದರೆ ಸರಕಾರದ ಮಾತು. ಈ ವ್ಯಕ್ತಿಯನ್ನು ನಾವು ವಿಚಾರಿಸಿ ನೋಡಿದ್ದೇವೆ, ಇವನ ಕೈಯಲ್ಲಿ ಈ ವಸ್ತು ಇರಬಹುದು ಎಂದು ಮುದ್ರೆಯೊತ್ತಿ ಹೇಳಿದ ಮಾತು. ಆ ಮಾತನ್ನು ಎಲ್ಲರಿಗಿಂತ ಮೊದಲು ನಂಬಬೇಕಾದವರು ಅದೇ ಸರಕಾರದ ಸಂಬಳ ಉಣ್ಣುವ ನೌಕರರು. ಕಚೇರಿಯ ಮೇಜಿನ ಮೇಲೆ ಒತ್ತಿದ ಮುದ್ರೆ ರಸ್ತೆಬದಿಯಲ್ಲಿ ನಿಂತ ಪೋಲೀಸನ ಕಣ್ಣಿಗೆ ಮುದ್ರೆಯಾಗಿ ಕಾಣಿಸದಿದ್ದರೆ ಆ ಕಾಗದ ಕಿಸೆಯಲ್ಲಿದ್ದೂ ಇಲ್ಲದಂತೆಯೇ ಸರಿ.

ನಮ್ಮ ಕಡೆಯ ತೋಟಗಾರರಿಗೆ ಕೋವಿಯ ಪರವಾನಗಿ ಹೊಸದಲ್ಲ. ಹಂದಿಯ ಉಪಟಳಕ್ಕೆಂದು ಅಜ್ಜನ ಕಾಲದಿಂದ ಇಟ್ಟುಕೊಂಡು ಬಂದ ಕೋವಿ ಕೆಲವು ಮನೆಗಳಲ್ಲಿ ಇಂದಿಗೂ ಇದೆ. ಚುನಾವಣೆ ಬಂತೆಂದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಯ್ದು ಒಪ್ಪಿಸುವುದು, ರಶೀದಿ ತರುವುದು, ಮತದಾನದ ಗಲಾಟೆ ಮುಗಿದ ಮೇಲೆ ಮರಳಿ ತರುವುದು ಎಲ್ಲರೂ ಬಲ್ಲ ರೂಢಿ. ಹೀಗೆ ಕೋವಿ ಹೊತ್ತು ಠಾಣೆಯ ಮೆಟ್ಟಲೇರುವವನಿಗೆ ಪ್ರಾಣಭಯವಿರುವುದಿಲ್ಲ. ಹೆಚ್ಚೆಂದರೆ ಒಂದು ದಿನದ ಕೆಲಸ ಕೆಟ್ಟಿತಲ್ಲಾ ಎಂಬ ಬೇಸರ, ಅಷ್ಟೆ.

ಆದರೆ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ನೌಕರಿ, ವಿದ್ಯಾಭ್ಯಾಸಗಳಿಗೆಂದು ಹೋಗಿ ನೆಲೆಸಿರುವ ಅಮೇರಿಕದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪರವಾನಗಿ ಪಡೆದು ಕೈಕೋವಿ ಇಟ್ಟುಕೊಂಡವನ ಕಾರನ್ನು ಪೋಲೀಸರು ತಡೆದು ನಿಲ್ಲಿಸಿದಾಗ ಮುಂದಿನ ಒಂದೆರಡು ನಿಮಿಷ ಏನಾಗುವುದೆಂಬುದು ಕಾನೂನಿನ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಾಗಿ ಎದುರು ನಿಂತ ಅಧಿಕಾರಿಯ ಮನಸ್ಸಿನಲ್ಲಿರುತ್ತದೆ. 2016ರ ಜುಲೈ 6ರ ರಾತ್ರಿ ಮಿನ್ನೆಸೋಟ ರಾಜ್ಯದಲ್ಲಿ ನಡೆದ ಘಟನೆಯನ್ನು ನಾವು ಈ ಅಂಕಣದಲ್ಲಿ ಎತ್ತಿಕೊಳ್ಳುವುದು ಈ ಕಾರಣದಿಂದ. ಹಳೆಯ ಸುದ್ದಿಯನ್ನು ಮತ್ತೆ ಕೆದಕುವ ಚಾಪಲ್ಯದಿಂದಲ್ಲ. ಅದು ಎತ್ತಿದ ಪ್ರಶ್ನೆಗೆ ಇಂದಿಗೂ ಸರಿಯಾದ ಉತ್ತರ ದೊರೆತಿಲ್ಲ.

ಮೊದಲು ಅಲ್ಲಿಯ ಕಾನೂನಿನ ಬಗ್ಗೆ ಎರಡು ಮಾತು. ಅಮೇರಿಕದಲ್ಲಿ ಆಯುಧದ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್ ರಾಜ್ಯ 1995ರಲ್ಲಿ ಕಾನೂನು ಮಾಡಿ, ಅಂಗಿಯ ಮರೆಯಲ್ಲಿ ಕೈಕೋವಿ ಒಯ್ಯುವ ಪರವಾನಗಿಯನ್ನು ಜಾರಿಗೆ ತಂದಿತು. ಓಹಿಯೋ ರಾಜ್ಯದಲ್ಲಿ 2004ರಿಂದ ಅಂಥದೇ ಪರವಾನಗಿ ಬಂತು. ಮಿನ್ನೆಸೋಟದಲ್ಲಿ ಜಿಲ್ಲೆಯ ಶೆರಿಫ್ ಎಂಬ ಅಧಿಕಾರಿ ಇದನ್ನು ಕೊಡುತ್ತಾನೆ. ಅರ್ಜಿದಾರ ತರಬೇತಿ ಪಡೆದಿರಬೇಕು. ಅವನ ಪೂರ್ವಾಪರವನ್ನು ವಿಚಾರಿಸಲಾಗುತ್ತದೆ. ಗಂಭೀರ ಅಪರಾಧದ ದಾಖಲೆ ಇದ್ದವನಿಗೆ ಪರವಾನಗಿ ಇಲ್ಲ. ಒಟ್ಟಿನಲ್ಲಿ, ಸರಕಾರ ಜರಡಿ ಹಿಡಿದು ಆರಿಸಿದವರ ಕೈಗೆ ಈ ಕಾಗದ ಸಿಗುತ್ತದೆ ಎನ್ನಬಹುದು.

ಪರವಾನಗಿ ಪಡೆದವನನ್ನು ಪೋಲೀಸರು ದಾರಿಯಲ್ಲಿ ತಡೆದರೆ ಅವನು ತನ್ನ ಬಳಿ ಕೋವಿ ಇದೆಯೆಂದು ತಾನಾಗಿ ಹೇಳಬೇಕೆ? ಇದಕ್ಕೂ ಒಂದೇ ಉತ್ತರವಿಲ್ಲ. ಟೆಕ್ಸಾಸ್‌ನಲ್ಲಿ ಅಧಿಕಾರಿ ಗುರುತುಚೀಟಿ ಕೇಳಿದಾಗ, ಕೋವಿ ಮೈಮೇಲಿದ್ದರೆ, ಪರವಾನಗಿಯನ್ನೂ ಜೊತೆಗೆ ತೋರಿಸಬೇಕು. ಓಹಿಯೋದಲ್ಲಿ 2022ರ ತನಕ, ಕೇಳಲಿ ಬಿಡಲಿ, ಕೂಡಲೇ ಹೇಳಲೇಬೇಕಿತ್ತು. ಹೇಳದಿದ್ದರೆ ಅದೇ ಒಂದು ಅಪರಾಧ. ಆ ವರ್ಷದ ಜೂನ್ ತಿಂಗಳ ನಂತರ ಅಲ್ಲಿ ಕೇಳಿದರೆ ಮಾತ್ರ ಹೇಳಿದರೆ ಸಾಕು. ಮಿನ್ನೆಸೋಟದಲ್ಲಿಯೂ ಅಧಿಕಾರಿ ಕೇಳಿದಾಗ ಹೇಳಬೇಕೆಂಬುದಷ್ಟೇ ನಿಯಮ. ಕೇಳದಿದ್ದರೆ ಸುಮ್ಮನಿರುವ ಹಕ್ಕು ಅಲ್ಲಿಯ ಪ್ರಜೆಗೆ ಇದೆ.

ಫಿಲಾಂಡೋ ಕ್ಯಾಸ್ಟಿಲ್ ಆ ಹಕ್ಕನ್ನು ಬಳಸಲಿಲ್ಲ. ಕೇಳುವ ಮೊದಲೇ ಸತ್ಯ ಹೇಳಿದ.

ಈತ 32 ವರ್ಷದ ಕಪ್ಪುವರ್ಣೀಯ. ಸೈಂಟ್ ಪಾಲ್ ನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಊಟದ ವಿಭಾಗದ ಮೇಲ್ವಿಚಾರಕ. ಯಾವ ಮಗುವಿಗೆ ಯಾವ ಪದಾರ್ಥ ಆಗದೆಂಬುದು ಅವನಿಗೆ ಬಾಯಿಪಾಠವಿತ್ತು ಎಂದು ಶಾಲೆಯವರು ಹೇಳಿದರು. ಹಣ ತರಲಾಗದ ಮಗು ಬಂದರೆ ತನ್ನ ಕಿಸೆಯಿಂದ ತುಂಬಿ ಊಟ ಕೊಡುತ್ತಿದ್ದನಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡಿದವರಿಗೆ ಇಂಥ ಒಬ್ಬ ಮನುಷ್ಯ ಶಾಲೆಗೆ ಎಷ್ಟು ಬೇಕಾದವನೆಂದು ವಿವರಿಸಬೇಕಾಗಿಲ್ಲ. ಮುಖ್ಯೋಪಾಧ್ಯಾಯರ ಹೆಸರನ್ನು ಮರೆತ ಮಕ್ಕಳೂ ಅನ್ನ ಬಡಿಸಿದವರನ್ನು ಮರೆಯುವುದಿಲ್ಲ.

ಅಂದು ರಾತ್ರಿ ಸುಮಾರು 9 ಗಂಟೆಗೆ ಫಾಲ್ಕನ್ ಹೈಟ್ಸ್ ಎಂಬ ಉಪನಗರದಲ್ಲಿ ಆತ ಕಾರು ನಡೆಸಿಕೊಂಡು ಹೋಗುತ್ತಿದ್ದ. ಪಕ್ಕದಲ್ಲಿ ಗೆಳತಿ, ಹಿಂದಿನ ಸೀಟಿನಲ್ಲಿ ಅವಳ 4 ವರ್ಷದ ಮಗಳು. ಗಸ್ತಿನಲ್ಲಿದ್ದ ಅಧಿಕಾರಿ ಕಾರನ್ನು ನಿಲ್ಲಿಸಿದ. ಕಾರಿನ ಹಿಂದಿನ ಬ್ರೇಕ್ ದೀಪ ಉರಿಯುತ್ತಿಲ್ಲವೆಂಬುದು ಅವನು ಚಾಲಕನಿಗೆ ಹೇಳಿದ ಕಾರಣ. ಆದರೆ ಅದಕ್ಕೂ ಮೊದಲು ಆತ ರೇಡಿಯೋದಲ್ಲಿ ತನ್ನ ಸಹೋದ್ಯೋಗಿಗೆ ಹೇಳಿದ್ದು ಬೇರೆ: ಈ ಚಾಲಕ ಒಂದು ದರೋಡೆಯ ಶಂಕಿತನಂತೆ ಕಾಣುತ್ತಾನೆ, ಇವನ ಮೂಗು ಅಗಲವಾಗಿದೆ ಎಂದು. ಮೂಗಿನ ಅಗಲ ನೋಡಿ ಕಳ್ಳನನ್ನು ಗುರುತಿಸುವ ವಿದ್ಯೆ ಯಾವ ತರಬೇತಿ ಶಾಲೆಯದೋ ನಾವರಿಯೆವು.

ಅಧಿಕಾರಿ ಚಾಲನಾ ಲೈಸನ್ಸು ಮತ್ತು ವಿಮೆಯ ಕಾಗದ ಕೇಳಿದ. ಕ್ಯಾಸ್ಟಿಲ್ ವಿಮೆಯ ಕಾಗದ ಕೊಟ್ಟ. ಆಮೇಲೆ ಶಾಂತವಾಗಿ, ಸರ್ ಎಂದು ಸಂಬೋಧಿಸಿ, ನನ್ನ ಬಳಿ ಕೋವಿ ಇದೆಯೆಂದು ತಮಗೆ ತಿಳಿಸಬೇಕು ಎಂದ. ಹಾಗಾದರೆ ಅದಕ್ಕೆ ಕೈ ಹಾಕಬೇಡ ಎಂದ ಅಧಿಕಾರಿ. ತೆಗೆಯುತ್ತಿಲ್ಲ ಎಂದ ಕ್ಯಾಸ್ಟಿಲ್. ಪಕ್ಕದಲ್ಲಿದ್ದ ಹೆಣ್ಣುಮಗಳೂ ಅದನ್ನೇ ಹೇಳಿದಳು. ಅಧಿಕಾರಿಯ ಧ್ವನಿ ಏರಿತು. ಏಳು ಗುಂಡು ಹಾರಿದವು. ಕೋವಿ ಇದೆ ಎಂದು ಹೇಳಿದಲ್ಲಿಂದ ಏಳನೆಯ ಗುಂಡಿನ ತನಕ ಸುಮಾರು 10 ಸೆಕೆಂಡು. ನಮ್ಮ ಶಾಲೆಗಳಲ್ಲಿ ಹಾಜರಿ ಕರೆಯುವಾಗ ಐದಾರು ಮಕ್ಕಳ ಹೆಸರು ಓದಲು ಹಿಡಿಯುವಷ್ಟು ಹೊತ್ತು.

ಆತ ಹೇಳಿದ ಮಾತು ನಿಜವಾಗಿತ್ತು. ಕೋವಿ ಆತನ ಕಿಸೆಯಲ್ಲೇ ಇತ್ತು, ಪರವಾನಗಿಯೂ ಇತ್ತು. ಜೊತೆಯಲ್ಲಿದ್ದವಳು ತನ್ನ ಫೋನಿನಿಂದ ಗುಂಡು ಹಾರಿದ ನಂತರದ ದೃಶ್ಯವನ್ನು ಜಗತ್ತಿಗೆ ತೋರಿಸದೆ ಇದ್ದಿದ್ದರೆ, ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಅದು ಮುಗಿದುಹೋಗುತ್ತಿತ್ತೋ ಏನೋ.

ಅಧಿಕಾರಿಯ ಮೇಲೆ ಮೊಕದ್ದಮೆ ನಡೆಯಿತು. ಆತ ಕೋವಿಯನ್ನು ಹೊರತೆಗೆಯುತ್ತಿದ್ದಾನೆಂದು ತನಗೆ ಕಂಡಿತು, ತನ್ನ ಪ್ರಾಣಕ್ಕೆ ಅಪಾಯವೆಂದು ಭಯಪಟ್ಟೆ ಎಂದು ಅಧಿಕಾರಿ ಹೇಳಿಕೆ ಕೊಟ್ಟ. ಚಾಲಕ ಗಾಂಜಾ ಸೇವಿಸಿದ್ದನೆಂದು ಅವನ ವಕೀಲರು ವಾದಿಸಿದರು. 2017ರ ಜೂನ್ 16ರಂದು ಜೂರಿ ಅಧಿಕಾರಿಯನ್ನು ಎಲ್ಲ ಆರೋಪಗಳಿಂದಲೂ ಬಿಡುಗಡೆ ಮಾಡಿತು. ಅವನನ್ನು ಮರಳಿ ಗಸ್ತಿಗೆ ಕಳುಹಿಸುವುದಿಲ್ಲವೆಂದು ನಗರಾಡಳಿತ ಅದೇ ದಿನ ಪ್ರಕಟಿಸಿತು. ಕ್ಯಾಸ್ಟಿಲ್‌ನ ತಾಯಿಗೆ ಸುಮಾರು 30 ಲಕ್ಷ ಡಾಲರು ಪರಿಹಾರ ಕೊಟ್ಟು ವ್ಯಾಜ್ಯ ಮುಗಿಸಲಾಯಿತು. ನ್ಯಾಯಾಲಯದ ತೀರ್ಪಿನ ಮೇಲೆ ದೂರದಲ್ಲಿ ಕುಳಿತು ತೀರ್ಪು ಕೊಡುವುದು ನಮಗೆ ಯುಕ್ತವಲ್ಲ. ಆದರೆ ತಪ್ಪು ಯಾರದೂ ಅಲ್ಲ, ಪರಿಹಾರ ಮಾತ್ರ 30 ಲಕ್ಷ ಎಂದರೆ ಆ ತಾಯಿಗೆ ಸಿಕ್ಕಿದ್ದು ಹಣವೇ ಹೊರತು ಉತ್ತರವಲ್ಲ.

ಈ ಪ್ರಸಂಗದಲ್ಲಿ ನಮ್ಮನ್ನು ಕಾಡುವ ಸಂಗತಿ ಒಂದಿದೆ. ದರೋಡೆಗೆ ಹೊರಟವನು ಪೋಲೀಸನಿಗೆ ಸರ್, ನನ್ನ ಬಳಿ ಕೋವಿ ಇದೆ ಎಂದು ಎಂದೂ ಹೇಳಲಾರ. ಹಾಗೆ ಹೇಳುವವನು ಕಾನೂನಿಗೆ ತಲೆಬಾಗುವವನು ಮಾತ್ರ. ಆದುದರಿಂದ ಆ ಮಾತು ಕಿವಿಗೆ ಬಿದ್ದೊಡನೆ ಅಧಿಕಾರಿಯ ಭಯ ಇಳಿಯಬೇಕಿತ್ತು. ಇಲ್ಲಿ ಏರಿತು. ಸುಳ್ಳು ಹೇಳಿದವನು, ಅಥವಾ ಬಾಯಿ ಮುಚ್ಚಿಕೊಂಡು ಕುಳಿತವನು, ಒಂದು ದಂಡದ ಚೀಟಿ ಪಡೆದು ಮನೆ ಸೇರುತ್ತಿದ್ದ. ಸತ್ಯವನ್ನೇ ಹೇಳು ಎಂದು ತರಗತಿಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವವರು ಈ ಪ್ರಸಂಗವನ್ನು ಅವರ ಮುಂದೆ ಹೇಗೆ ಇಡಬೇಕು?

ಇನ್ನೊಂದು ಸಂಗತಿ ಆ ಎರಡು ಅಪ್ಪಣೆಗಳದ್ದು. ಮೊದಲು ಲೈಸನ್ಸು ತೆಗೆ ಎಂಬ ಅಪ್ಪಣೆ. ಮರುಗಳಿಗೆಯಲ್ಲಿ ಕೈ ಹಾಕಬೇಡ ಎಂಬ ಅಪ್ಪಣೆ. ಗಂಡಸು ತನ್ನ ಕಾಗದಪತ್ರ ಇಟ್ಟುಕೊಳ್ಳುವುದು ಕಿಸೆಯಲ್ಲಿ. ಕೋವಿ ಇದ್ದುದೂ ಕಿಸೆಯಲ್ಲಿ. ಮೊದಲ ಅಪ್ಪಣೆ ಪಾಲಿಸಿದರೆ ಎರಡನೆಯದನ್ನು ಮುರಿದಂತೆ ಕಾಣುತ್ತದೆ. ಕೈಗಳನ್ನು ಚಕ್ರದ ಮೇಲಿಡು, ಅಲುಗಬೇಡ ಎಂದು ಸ್ಪಷ್ಟವಾಗಿ ಒಂದೇ ಮಾತು ಹೇಳಿದ್ದರೆ ಪ್ರಸಂಗ ಬೇರೆಯಾಗುತ್ತಿತ್ತು. ಇಬ್ಬರೂ ಮಾತನಾಡಿದ್ದು ಒಂದೇ ಭಾಷೆ. ಆದರೂ ಒಬ್ಬನ ಮಾತು ಇನ್ನೊಬ್ಬನಿಗೆ ಮುಟ್ಟಲಿಲ್ಲ. ಭಯ ಕಿವಿ ಮುಚ್ಚಿದಾಗ ಭಾಷೆ ಕೆಲಸಕ್ಕೆ ಬಾರದು.

ಇದು ಒಬ್ಬ ಅಧಿಕಾರಿಯ ಒಂದು ರಾತ್ರಿಯ ತಪ್ಪೆಂದು ತಳ್ಳಿಹಾಕುವಂತಿಲ್ಲ. 2011ರಲ್ಲಿ ಓಹಿಯೋದ ಕ್ಯಾಂಟನ್ ನಗರದಲ್ಲಿ ಪರವಾನಗಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದ ಚಾಲಕನೊಬ್ಬ ತನ್ನ ಬಳಿ ಕೋವಿ ಇದೆಯೆಂದು ಹೇಳಲು ಮತ್ತೆ ಮತ್ತೆ ಬಾಯಿ ತೆರೆದರೂ ಪೋಲೀಸ್ ಅಧಿಕಾರಿ ಅವನನ್ನು ಸುಮ್ಮನಿರಿಸಿದ. ಕೊನೆಗೆ ಕೋವಿಯ ವಿಷಯ ತಿಳಿದಾಗ, ನಿನ್ನನ್ನು ಸುಟ್ಟುಹಾಕಬೇಕಿತ್ತು ಎಂದು ಬಾಯಿಗೆ ಬಂದಂತೆ ಬೈದ. ಕೂಡಲೇ ತಿಳಿಸಲಿಲ್ಲವೆಂಬ ಆರೋಪವನ್ನು ಆ ಚಾಲಕನ ಮೇಲೆಯೇ ಹೊರಿಸಲಾಯಿತು. ಗಸ್ತಿನ ಕಾರಿಗೆ ಕಟ್ಟಿದ್ದ ಕ್ಯಾಮರಾ ಎಲ್ಲವನ್ನೂ ಹಿಡಿದಿಟ್ಟಿತ್ತು. ನ್ಯಾಯಾಲಯ ಆರೋಪವನ್ನು ಕೈಬಿಟ್ಟಿತು. ಹೇಳಿದರೂ ಕಷ್ಟ, ಹೇಳಗೊಡದಿದ್ದರೂ ಅಪರಾಧ ಎಂಬ ಸ್ಥಿತಿ ಯಾವ ಕಾನೂನಿಗೂ ಶೋಭೆಯಲ್ಲ.

ವರ್ಣಭೇದದ ಹಳೆಯ ಕಥೆಯನ್ನು ಇಲ್ಲಿ ಮರೆಯುವುದು ಸಾಧ್ಯವಿಲ್ಲ. ಗಾಂಧೀಜಿಯ ಅಹಿಂಸೆಯನ್ನು ಅಮೇರಿಕದ ನೆಲದಲ್ಲಿ ನೆಟ್ಟು ಬೆಳೆಸಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಮೇಲೆ 1956ರ ಜನವರಿಯಲ್ಲಿ ಬಾಂಬು ಬಿತ್ತು. ಆ ದಿನಗಳಲ್ಲಿ ಅವರು ಆತ್ಮರಕ್ಷಣೆಗೆಂದು ಕೈಕೋವಿ ಒಯ್ಯುವ ಪರವಾನಗಿಗೆ ಅರ್ಜಿ ಹಾಕಿದ್ದರು ಎಂಬುದು ಬಹಳ ಮಂದಿಗೆ ತಿಳಿದಿರಲಾರದು. ಅಲಬಾಮಾದ ಅಧಿಕಾರಿಗಳು ಅರ್ಜಿಯನ್ನು ತಿರಸ್ಕರಿಸಿದರು. ಮುಂದೆ ಕಿಂಗ್ ಕೋವಿಯನ್ನು ಪೂರ್ತಿಯಾಗಿ ದೂರವಿಟ್ಟು ಅಹಿಂಸೆಯ ದಾರಿ ಹಿಡಿದುದು ಅವರ ದೊಡ್ಡತನ; ಅರ್ಜಿ ತಿರಸ್ಕರಿಸಿದವರ ದೊಡ್ಡತನವಲ್ಲ. 1967ರಲ್ಲಿ ಕಪ್ಪುವರ್ಣೀಯ ತರುಣರು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನಂತೆಯೇ ಬಹಿರಂಗವಾಗಿ ಕೋವಿ ಹಿಡಿದು ಪೋಲೀಸರ ಮೇಲೆ ಕಣ್ಣಿಡತೊಡಗಿದಾಗ, ಕಾನೂನನ್ನೇ ಬದಲಿಸಲಾಯಿತು. ಅದಕ್ಕೆ ಸಹಿ ಹಾಕಿದವರು ಮುಂದೆ ರಾಷ್ಟ್ರಾಧ್ಯಕ್ಷರಾದ ರೊನಾಲ್ಡ್ ರೇಗನ್. 1956ರಲ್ಲಿ ಕಾಗದವೇ ಸಿಗಲಿಲ್ಲ. 2016ರಲ್ಲಿ ಕಾಗದ ಸಿಕ್ಕಿತು, ಅದಕ್ಕೆ ಬೆಲೆ ಸಿಗಲಿಲ್ಲ. ಅರುವತ್ತು ವರ್ಷಗಳಲ್ಲಿ ಆ ದೇಶ ನಡೆದ ದೂರ ಇಷ್ಟು.

ಕ್ಯಾಸ್ಟಿಲ್‌ನನ್ನು ಪೋಲೀಸರು ತಡೆದದ್ದು ಅದೇ ಮೊದಲ ಸಲವಲ್ಲ. 13 ವರ್ಷಗಳ ಅವಧಿಯಲ್ಲಿ 40ಕ್ಕೂ ಹೆಚ್ಚು ಸಲ ಆತನ ಕಾರನ್ನು ನಿಲ್ಲಿಸಿದ್ದರೆಂದು ದಾಖಲೆಗಳಿಂದ ತಿಳಿದುಬಂತು. ಹೆಚ್ಚಿನವು ಸಣ್ಣಪುಟ್ಟ ಸಂಚಾರ ನಿಯಮದ ಸಂಗತಿಗಳು. ಅಷ್ಟು ಸಲ ತಡೆಹಿಡಿಯಲ್ಪಟ್ಟವನಿಗೆ ಪೋಲೀಸರೆದುರು ಹೇಗೆ ನಡೆದುಕೊಳ್ಳಬೇಕೆಂದು ತಿಳಿದಿರಲಿಲ್ಲ ಎಂದು ಯಾರೂ ಹೇಳಲಾರರು. ಕೋವಿ ಇಟ್ಟುಕೊಳ್ಳುವುದು ಪ್ರತಿ ಪ್ರಜೆಯ ಪವಿತ್ರ ಹಕ್ಕೆಂದು ಸಾರುವ ಅಲ್ಲಿಯ ದೊಡ್ಡ ಸಂಘಟನೆ ಕೂಡ, ಸತ್ತವನು ಪರವಾನಗಿದಾರನಾಗಿದ್ದರೂ, ಅವನ ಹೆಸರೆತ್ತದೆ ಒಂದು ಚುಟುಕು ಹೇಳಿಕೆಯಿಂದ ಅಂದು ಕೈತೊಳೆದುಕೊಂಡಿತು. ಹಕ್ಕು ಎಲ್ಲರದ್ದಾದರೆ ದುಃಖವೂ ಎಲ್ಲರಿಗಾಗಿ ಇರಬೇಕಿತ್ತು.

ಪೋಲೀಸರ ಕಡೆಯ ಮಾತನ್ನೂ ಕೇಳಬೇಕು. ಅದು ನ್ಯಾಯ. 2018ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಂದಾಜಿನಂತೆ ಅಮೇರಿಕದ ಜನರ ಕೈಯಲ್ಲಿ ಸುಮಾರು 39 ಕೋಟಿ ಕೋವಿಗಳಿವೆ. ಜನರಿಗಿಂತ ಕೋವಿಗಳೇ ಹೆಚ್ಚು. ರಾತ್ರಿ ಹೊತ್ತು ಒಂಟಿಯಾಗಿ ಅಪರಿಚಿತ ಕಾರಿನ ಕಿಟಕಿಯ ಬಳಿಗೆ ನಡೆದುಹೋಗುವ ಪೋಲೀಸನಿಗೆ ಒಳಗೆ ಏನಿದೆಯೆಂದು ಗೊತ್ತಿರುವುದಿಲ್ಲ. ಹಾಗೆ ನಡೆದುಹೋಗಿ ಗುಂಡೇಟು ತಿಂದು ಸತ್ತ ಪೋಲೀಸರೂ ಇದ್ದಾರೆ. ಅವರಿಗೂ ಹೆಂಡಿರು ಮಕ್ಕಳಿದ್ದರು. ಈ ಅಪಾಯವನ್ನು ಮನಗಂಡೇ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ತಡೆದ ಕಾರಿನ ಚಾಲಕನನ್ನು ಕೆಳಗಿಳಿಯಲು ಹೇಳುವ ಅಧಿಕಾರ ಪೋಲೀಸನಿಗಿದೆಯೆಂದು 1977ರಲ್ಲಿ ತೀರ್ಪಿತ್ತಿತು. ಯಾವುದೇ ಸಣ್ಣ ಸಂಚಾರ ತಪ್ಪು ಕಂಡರೂ ಕಾರನ್ನು ತಡೆಯಬಹುದು, ಒಳಮನಸ್ಸಿನ ಉದ್ದೇಶವನ್ನು ನ್ಯಾಯಾಲಯ ಕೆದಕುವುದಿಲ್ಲ ಎಂದು 1996ರಲ್ಲಿ ಹೇಳಿತು.

ಆದರೆ ಇಷ್ಟು ಅಧಿಕಾರವನ್ನು ಒಬ್ಬನ ಕೈಗೆ ಕೊಟ್ಟ ಮೇಲೆ ಅಷ್ಟೇ ತೂಕದ ಸಂಯಮವನ್ನೂ ಅವನಿಂದ ಕೇಳಬೇಡವೆ? ಬ್ರೇಕ್ ದೀಪದ ನೆಪದಲ್ಲಿ ನಿಲ್ಲಿಸುವ ಅಧಿಕಾರ, ಭಯವಾಯಿತೆಂಬ ಕಾರಣಕ್ಕೆ ಗುಂಡು ಹಾರಿಸುವ ವಿನಾಯಿತಿ, ಇವೆರಡೂ ಸೇರಿದರೆ ನಡುವೆ ಸಿಕ್ಕಿದ ಪ್ರಜೆಗೆ ಉಳಿಯುವುದು ಅದೃಷ್ಟ ಒಂದೇ. ತರಬೇತಿ ಪಡೆಯದ ಸಾಮಾನ್ಯ ಚಾಲಕ ತನ್ನತ್ತ ತಿರುಗಿದ ಕೋವಿಯ ಎದುರು ಎದೆಗುಂದದೆ ಕೂರಬೇಕು. ತರಬೇತಿ ಪಡೆದ ಅಧಿಕಾರಿ ಮಾತ್ರ ಭಯಪಡಬಹುದು. ಈ ಲೆಕ್ಕ ತಲೆಕೆಳಗಾದದ್ದು.

ಆ ಮೇಲೆ ಕೆಲವು ಒಳ್ಳೆಯ ಹೆಜ್ಜೆಗಳನ್ನೂ ಅಲ್ಲಿ ಇಟ್ಟರು. ಟೆಕ್ಸಾಸ್ ರಾಜ್ಯ 2017ರಲ್ಲಿ ಒಂದು ಕಾನೂನು ಮಾಡಿ, ಪೋಲೀಸರು ಕಾರು ನಿಲ್ಲಿಸಿದಾಗ ಹೇಗೆ ನಡೆದುಕೊಳ್ಳಬೇಕು, ತನ್ನ ಹಕ್ಕು ಏನು, ಕರ್ತವ್ಯ ಏನು ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ಕಲಿಸಬೇಕೆಂದು ವಿಧಿಸಿತು. ಚಾಲನೆ ಕಲಿಯುವವರಿಗೂ, ಪೋಲೀಸರಿಗೂ ಅದೇ ಪಾಠ. ಮಿನ್ನೆಸೋಟದಲ್ಲಿ ಕ್ಯಾಸ್ಟಿಲ್‌ನ ತಾಯಿಯೇ ಮುಂದೆ ನಿಂತು, ಚಾಲಕರ ಕೈಪಿಡಿಯಲ್ಲಿ ಕೋವಿ ಇದ್ದವನನ್ನು ಪೋಲೀಸರು ತಡೆದರೆ ಏನು ಮಾಡಬೇಕೆಂಬ ಸೂಚನೆಗಳನ್ನು ಸೇರಿಸುವಂತೆ ಮಾಡಿದರು. ಮಗನನ್ನು ಕಳೆದುಕೊಂಡ ತಾಯಿ ಬೇರೆಯವರ ಮಕ್ಕಳಿಗಾಗಿ ಮಾಡಿದ ಕೆಲಸ ಇದು. ಇದಕ್ಕೆ ನಮ್ಮ ಗೌರವ ಸಲ್ಲಬೇಕು. ಆದರೆ ಒಂದು ಮಾತು. ಪಾಠ ಇಬ್ಬರಿಗೂ ಇರಲಿ, ಪರೀಕ್ಷೆಯೂ ಇಬ್ಬರಿಗೂ ಇರಲಿ. ಚಾಲಕ ತಪ್ಪಿದರೆ ಮರಣ, ಅಧಿಕಾರಿ ತಪ್ಪಿದರೆ ವರ್ಗಾವಣೆ ಎಂಬಂತಿದ್ದರೆ ಅದನ್ನು ಪಾಠವೆನ್ನಲಾಗದು.

ಈ ನಡುವೆ ಪರಿಸ್ಥಿತಿ ಇನ್ನಷ್ಟು ಜಟಿಲವಾಗಿದೆ. ಟೆಕ್ಸಾಸ್‌ನಲ್ಲಿ 2021ರಿಂದ, ಓಹಿಯೋದಲ್ಲಿ 2022ರಿಂದ, ಪರವಾನಗಿ ಇಲ್ಲದೆಯೂ ಕೈಕೋವಿ ಒಯ್ಯಬಹುದು. ಇಂಥ ರಾಜ್ಯಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚಾಗಿದೆ. ವಿಶೇಷ ಕಾರಣ ತೋರಿಸಿದರೆ ಮಾತ್ರ ಪರವಾನಗಿ ಎಂಬ ನ್ಯೂಯಾರ್ಕ್‌ನ ಹಳೆಯ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2022ರ ಜೂನ್‌ನಲ್ಲಿ ರದ್ದುಮಾಡಿತು. ಅಂದರೆ ಇನ್ನು ಮುಂದೆ ರಸ್ತೆಯಲ್ಲಿ ಸಿಕ್ಕ ಯಾವ ಚಾಲಕನ ಬಳಿಯೂ ಕೋವಿ ಇರಬಹುದು, ಅದು ಅವನ ಹಕ್ಕೂ ಹೌದು. ಕೋವಿ ಇರುವುದೇ ಅಪಾಯದ ಗುರುತೆಂದು ಪೋಲೀಸರು ಎಣಿಸಿದರೆ ದೇಶದ ಅರ್ಧಾಂಶ ಜನ ಅವರಿಗೆ ಶಂಕಿತರಾಗುತ್ತಾರೆ. ಒಂದು ಕೈಯಿಂದ ಹಕ್ಕು ಹಂಚಿ ಇನ್ನೊಂದು ಕೈಯಿಂದ ಅದಕ್ಕೆ ಗುಂಡಿಕ್ಕುವ ಸರಕಾರ ತನ್ನೊಡನೆ ತಾನೇ ಜಗಳವಾಡುತ್ತಿದೆ ಎನ್ನಬೇಕು.

ನಮ್ಮ ಓದುಗರಲ್ಲಿ ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ತಂದೆತಾಯಿಗಳಿದ್ದಾರೆ. ಅವರಿಗಾಗಿ ಕೆಲವು ಮಾತು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ. ನಮ್ಮೂರಿನಲ್ಲಿ ಪೋಲೀಸರು ಕೈ ಅಡ್ಡ ಹಿಡಿದರೆ ಗಾಡಿಯಿಂದ ಇಳಿದು, ಕಾಗದಪತ್ರದ ಚೀಲ ಹಿಡಿದು, ಜೀಪಿನ ಬಳಿಗೆ ನಡೆದುಹೋಗುವುದು ಮರ್ಯಾದೆ. ಅಲ್ಲಿ ಅದೇ ನಡತೆ ಆಕ್ರಮಣದಂತೆ ಕಾಣುತ್ತದೆ. ಹಿಂದೆ ದೀಪ ಮಿನುಗಿದರೆ ಕಾರನ್ನು ಬದಿಗೆ ನಿಲ್ಲಿಸಿ ಒಳಗೇ ಕುಳಿತಿರಬೇಕು. ರಾತ್ರಿಯಾದರೆ ಒಳಗಿನ ದೀಪ ಹಾಕಬೇಕು. ಎರಡೂ ಕೈ ಚಕ್ರದ ಮೇಲೆ ಕಾಣುವಂತಿರಬೇಕು. ಕಾಗದ ತೆಗೆಯುವ ಮೊದಲು, ಅದು ಎಲ್ಲಿದೆ ಎಂದು ಹೇಳಿ, ತೆಗೆಯಲೇ ಎಂದು ಕೇಳಬೇಕು. ಪರವಾನಗಿ ಪಡೆದ ಕೋವಿ ಇದ್ದರೆ, ಕೋವಿ ಎಂಬ ಶಬ್ದದಿಂದ ಮಾತು ಆರಂಭಿಸದೆ ಪರವಾನಗಿ ಎಂಬ ಶಬ್ದದಿಂದ ಆರಂಭಿಸುವುದು ಜಾಣತನ. ಕಾಗದಪತ್ರಗಳನ್ನು ಕೋವಿಯ ಹತ್ತಿರ ಇಡಲೇಬಾರದು. ಅಪ್ಪಣೆ ಅರ್ಥವಾಗದಿದ್ದರೆ ಅಲುಗದೆ, ಇನ್ನೊಮ್ಮೆ ಹೇಳಿ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ.

ಇನ್ನೊಂದು ಮುಖ್ಯ ವಿಷಯ. ನೌಕರಿಯ ಅಥವಾ ವಿದ್ಯಾರ್ಥಿಯ ತಾತ್ಕಾಲಿಕ ವೀಸಾದಲ್ಲಿ ಹೋದವರು ಕೋವಿ ಇಟ್ಟುಕೊಳ್ಳುವುದನ್ನು, ಬೇಟೆಯ ಲೈಸನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಲ್ಲಿಯ ಕೇಂದ್ರ ಕಾನೂನು ನಿಷೇಧಿಸಿದೆ. ಖಾಯಂ ವಾಸದ ಹಸಿರು ಕಾರ್ಡು ಪಡೆದವರ ಸಂಗತಿ ಬೇರೆ. ಪಕ್ಕದ ಮನೆಯವನ ಬಳಿ ಇದೆಯೆಂದು ನಮ್ಮ ಹುಡುಗರೂ ಕೊಂಡರೆ ಕೋವಿಯ ಜೊತೆಗೆ ವೀಸಾವೂ ಹೋಗಬಹುದು, ಜೈಲೂ ಸಿಗಬಹುದು.

ಕೋವಿಯೇ ಇಲ್ಲದವರು ನಿಶ್ಚಿಂತೆಯಿಂದ ಇರಬಹುದೆಂದೂ ಇಲ್ಲ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಎಂಬಲ್ಲಿ, ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಹೋಗಿದ್ದ 57 ವರ್ಷದ ಅಜ್ಜ ಮಗನ ಮನೆಯ ಬೀದಿಯಲ್ಲಿ ನಡೆದಾಡುತ್ತಿದ್ದರು. ಯಾರೋ ಸಂಶಯದಿಂದ ಫೋನು ಮಾಡಿದರು. ಬಂದ ಪೋಲೀಸರ ಇಂಗ್ಲಿಷು ಅವರಿಗೆ ಅರ್ಥವಾಗಲಿಲ್ಲ. ನೆಲಕ್ಕೆ ಕೆಡವಿದ ಪೆಟ್ಟಿಗೆ ಬೆನ್ನುಹುರಿ ಜಖಂಗೊಂಡು ಅವರು ಹಾಸಿಗೆ ಹಿಡಿದರು. ಅಲ್ಲಿಯೂ ಅಧಿಕಾರಿಗೆ ಶಿಕ್ಷೆಯಾಗಲಿಲ್ಲ. ಮೊಮ್ಮಕ್ಕಳ ಬಾಣಂತನಕ್ಕೆ, ಪಾಲನೆಗೆ ಆರು ತಿಂಗಳು ಹೋಗಿಬರುವ ಅಜ್ಜ ಅಜ್ಜಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಮಗನ ಮನೆಯ ವಿಳಾಸ, ಫೋನ್ ನಂಬರು ಬರೆದ ಚೀಟಿ ಅವರ ಬಳಿ ಸದಾ ಇರುವಂತೆ, ಅದನ್ನು ಕೇಳಿದಾಗ ಮಾತ್ರ ನಿಧಾನವಾಗಿ ತೆಗೆಯುವಂತೆ ಮಕ್ಕಳು ಕಲಿಸಿಕೊಡಬೇಕು.

ಇಷ್ಟೆಲ್ಲ ಎಚ್ಚರ ಹೇಳುವಾಗ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ಏಕೆಂದರೆ ಈ ಎಚ್ಚರಗಳಲ್ಲಿ ಹೆಚ್ಚಿನದನ್ನು ಕ್ಯಾಸ್ಟಿಲ್ ತಿಳಿದಿದ್ದ. ವಿನಯದಿಂದ ಮಾತನಾಡಿದ. ಕೇಳದೆಯೇ ಸತ್ಯ ಹೇಳಿದ. ಸರ್ ಎಂದ. ಪ್ರಜೆಯ ಎಚ್ಚರಿಕೆಯಿಂದಲೇ ಎಲ್ಲವೂ ಸರಿಹೋಗುವುದಾದರೆ ಆತ ಬದುಕಿರಬೇಕಿತ್ತು. ಆದುದರಿಂದ ತಪ್ಪಿದ ಪಾಠವನ್ನು ಮತ್ತೆ ಕಲಿಯಬೇಕಾದವರು ಪರವಾನಗಿ ಪಡೆದವರಲ್ಲ, ಪರವಾನಗಿ ಕೊಟ್ಟವರು. ತಾನು ಬರೆದ ಅಕ್ಷರವನ್ನು ತಾನೇ ಓದಲಾರದ ಸರಕಾರದಿಂದ ಪ್ರಜೆಗೆ ರಕ್ಷಣೆ ದೊರೆಯಲಾರದು.

ನಮ್ಮ ದೇಶದಲ್ಲಿ 1959ರ ಆಯುಧ ಕಾನೂನಿನಂತೆ ಕೋವಿ ಹಕ್ಕಲ್ಲ, ಸರಕಾರ ಕೊಡುವ ಅನುಮತಿ. ಅದು ಹಾಗೆಯೇ ಇರಲಿ ಎಂಬುದು ನಮ್ಮ ಅಭಿಪ್ರಾಯ. ಮನೆಮನೆಗೆ ಕೋವಿ ಬಂದರೆ ಪೋಲೀಸನಿಗೆ ಪ್ರಜೆಯ ಭಯ, ಪ್ರಜೆಗೆ ಪೋಲೀಸನ ಭಯ. ನಡುವೆ ಕಾನೂನಿಗೆ ನಿಲ್ಲಲು ಜಾಗವಿರದು. ಆದರೆ ಪರವಾನಗಿ ಕೊಟ್ಟ ಮೇಲೆ, ಅದು ಕೋವಿಯದ್ದೇ ಇರಲಿ, ಗಾಡಿಯದ್ದೇ ಇರಲಿ, ಅಂಗಡಿಯದ್ದೇ ಇರಲಿ, ಹಿಡಿದವನ ಬಣ್ಣ, ಮೂಗು, ನಾಲಗೆ ನೋಡಿ ಅದಕ್ಕೆ ಬೆಲೆ ಕಟ್ಟುವ ಪದ್ಧತಿ ಎಲ್ಲಿದ್ದರೂ ಖಂಡನೀಯ. ಒಂದೇ ಮುದ್ರೆಗೆ ಎರಡು ಬೆಲೆ ಇರಕೂಡದು.

ಕ್ಯಾಸ್ಟಿಲ್ ಸತ್ತ ಮೇಲೆ ಅವನ ಹೆಸರಿನಲ್ಲಿ ಒಂದು ನಿಧಿ ಕೂಡಿತು. ಅಪರಿಚಿತರು ಕಳುಹಿಸಿದ ಹಣದಿಂದ ಸೈಂಟ್ ಪಾಲ್‌ನ ಶಾಲೆಗಳಲ್ಲಿ ಮಕ್ಕಳ ಊಟದ ಬಾಕಿ ತೀರಿತು. ಬದುಕಿದ್ದಾಗ ತನ್ನ ಕಿಸೆಯಿಂದ ಮಾಡುತ್ತಿದ್ದ ಕೆಲಸವನ್ನು ಊರು ಅವನ ಪರವಾಗಿ ಮುಂದುವರಿಸಿತು. ಒಳ್ಳೆಯದಾಯಿತು. ಆದರೆ ಊಟದ ಬಾಕಿ ತೀರಿದರೂ ಇನ್ನೊಂದು ಬಾಕಿ ಹಾಗೆಯೇ ಉಳಿದಿದೆ. ಕೇಳುವ ಮೊದಲೇ ಸತ್ಯ ಹೇಳಿದ ಪ್ರಜೆಯನ್ನು ಜೀವಸಹಿತ ಮನೆಗೆ ಕಳುಹಿಸುವ ಬಾಕಿ ಅದು. ಅದನ್ನು ತೀರಿಸಬೇಕಾದದ್ದು ದಾನಿಗಳಲ್ಲ, ಸರಕಾರ.